ಸಾಲಿ ಮುಗಿದ ಮೇಲೆ ಕನ್ನಡದಲ್ಲಿ ಓದಲು ಏನಿದೆ?



ವಾಗದರಿ, ಅಕ್ಕಲಕೋಟ ಕಡೆಯ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ. “ಹುಡುಗ್ರು ಕನ್ನಡ ಸಾಲಿ ಕಲ್ತಾರ, ಖರೆ. ಮುಂದ ಓದ್ಲಿಕ್ಕ ಏನರೆ ಸಿಗಬೇಕಲ್ರಿ?” ಈ ಮಾತಿನಲ್ಲಿ ಹುರುಳಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ತಾಲೂಕು ಕರ್ನಾಟಕಕ್ಕೆ ಸೇರಲಿಲ್ಲ. ಆದರೂ ಇಲ್ಲಿ ಕನ್ನಡ ಶಾಲೆಗಳು ಉಳಿದವು. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲಿಯೂ ಪಠ್ಯಪುಸ್ತಕ ತರುತ್ತದೆ. ತೊಂದರೆ ಶುರುವಾಗುವುದು ಆ ಪಠ್ಯಪುಸ್ತಕ ಮುಗಿದ ಮೇಲೆ. ಪೇಟೆಯಲ್ಲಿ ಕಣ್ಣಿಗೆ ಬೀಳುವುದು ಮರಾಠಿ ಪತ್ರಿಕೆ, ಮರಾಠಿ ಪುಸ್ತಕ. ಅವನ್ನು ಓದಬಾರದೆಂದಲ್ಲ, ಓದಲೇಬೇಕು. ಆದರೆ ಕಾಲೇಜಿಗೆ ಹೋಗುವ ಮಕ್ಕಳು ನಾಲ್ಕಾರು ವರ್ಷಗಳಲ್ಲಿ ಕನ್ನಡ ಓದುವ ವೇಗವನ್ನೇ ಕಳೆದುಕೊಳ್ಳುತ್ತಾರೆ. ಮನೆಯಲ್ಲಿ ಮಾತು ಉಳಿಯುತ್ತದೆ, ಅಕ್ಷರ ಜಾರಿ ಹೋಗುತ್ತದೆ.

ಇದು ಕನ್ನಡ ಸಾಹಿತ್ಯಕ್ಕೆ ಹೊಸ ನೆಲವೇನೂ ಅಲ್ಲ. ಸೊಲ್ಲಾಪುರ ಎಂದರೆ ವಚನಕಾರ ಸಿದ್ಧರಾಮನ ಸೊನ್ನಲಿಗೆ. 1950ರ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಸೊಲ್ಲಾಪುರದಲ್ಲಿಯೇ. ಅದೇ ಊರಿನ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಶಾಲೆ ಕಲಿತು, ಕನ್ನಡವನ್ನು ಸ್ವಂತ ಆಸಕ್ತಿಯಿಂದ ಕಲಿತು, 1974ರಲ್ಲಿ ಮಂಡ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಅವರ ಕಾಲದಲ್ಲಿ ಒಂದು ಕನ್ನಡ ಪುಸ್ತಕ ಬೇಕೆಂದರೆ ಯಾರಾದರೂ ಊರಿನಿಂದ ಹೊತ್ತು ತರಬೇಕಿತ್ತು. ಈಗ ಮನೆಮನೆಯಲ್ಲಿ ಮೊಬೈಲ್ ಇದೆ. ಅದರಲ್ಲಿ ಹಾಡು, ಸಿನಿಮಾ, ಯಾರೋ ಕಳಿಸಿದ ಹೆಸರಿಲ್ಲದ ಸಂದೇಶಗಳು ಇವೆ. ಅದೇ ಮೊಬೈಲಿನಲ್ಲಿ, ಯಾವ ಪತ್ರಿಕೆಯ ಹಂಗಿಲ್ಲದೆ, ತಮ್ಮದೇ ಖರ್ಚಿನಲ್ಲಿ ಕನ್ನಡ ಬರೆದು ಹಾಕುವ ಒಳ್ಳೆಯ ಲೇಖಕರೂ ಇದ್ದಾರೆ. ಅಂಥ ಕೆಲವರನ್ನು ನಮ್ಮ ಕುಟುಂಬಗಳಿಗೆ ಪರಿಚಯಿಸುವ ಆಸೆ ನನ್ನದು.

ಮೊದಲು ಹೆಸರಿಸಬೇಕಾದವರು ಡಾ. ಯು.ಬಿ. ಪವನಜ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು, ಅಂದರೆ ನಮ್ಮಂತೆಯೇ ಮಹಾರಾಷ್ಟ್ರದಲ್ಲಿ ಬಾಳಿದವರು. 1996ರಲ್ಲಿ ಅವರು ಆರಂಭಿಸಿದ ‘ವಿಶ್ವಕನ್ನಡ’ ಕನ್ನಡದ ಮೊದಲ ಅಂತರ್ಜಾಲ ಪತ್ರಿಕೆ. ಆಗ ಒಂದೊಂದು ತಾಣಕ್ಕೆ ಒಂದೊಂದು ಅಕ್ಷರಶೈಲಿ. ಅದು ನಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಗೀಟುಗಳು ಕಾಣುತ್ತಿದ್ದವು. ಯುನಿಕೋಡ್ ಎಂಬ ಏಕರೂಪದ ಸಂಕೇತ ಬಂದ ಮೇಲೆ ಈ ಕಾಟ ತಪ್ಪಿತು. ಈಗ ನಮ್ಮ ಸಾದಾ ಮೊಬೈಲಿನಲ್ಲಿ ಕನ್ನಡ ತಾನಾಗಿ ಮೂಡುವುದಕ್ಕೆ ಅದೇ ಕಾರಣ. ಪವನಜರು ಕಂಪ್ಯೂಟರ್, ಮೊಬೈಲ್ ವಿಷಯಗಳನ್ನು ಸರಳವಾಗಿ ಬರೆಯುತ್ತಾರೆ. ಮೊಬೈಲ್ ಕೊಳ್ಳುವ ಮೊದಲು ಅಂಗಡಿಯವನ ಮಾತಿಗಿಂತ ಇಂಥವರ ಮಾತು ಓದುವುದು ಲೇಸು.

ನನಗೆ ಬಹಳ ಪ್ರಿಯರಾದವರು ಮಂಗಳೂರಿನ ಜಿ.ಎನ್. ಅಶೋಕವರ್ಧನ. ಇವರ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳುತ್ತೇನೆ, ಬೇಸರಿಸಬೇಡಿ. 1975ರಲ್ಲಿ ಮಂಗಳೂರಿನಲ್ಲಿ ‘ಅತ್ರಿ ಬುಕ್ ಸೆಂಟರ್’ ಎಂಬ ಪುಸ್ತಕದಂಗಡಿ ತೆರೆದು, 2012ರವರೆಗೆ ನಡೆಸಿ, ತಾವಾಗಿಯೇ ಮುಚ್ಚಿದರು. ಪುಸ್ತಕಗಳು ಓದುಗನ ಕೈಗೆ ಹೋಗದೆ ಸಗಟು ಖರೀದಿಯಲ್ಲಿ ಗ್ರಂಥಾಲಯದ ಕಪಾಟು ಸೇರುವುದನ್ನು ಕಟುವಾಗಿ ಟೀಕಿಸಿದವರು. ‘ಪುಸ್ತಕ ಮಾರಾಟ ಹೋರಾಟ’ ಎಂಬುದು ಅವರದೇ ಪುಸ್ತಕದ ಹೆಸರು. ಅಂಗಡಿ ಮುಚ್ಚಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಅಂಗಡಿಯ ಹೆಸರಿನದೇ ಜಾಲತಾಣದಲ್ಲಿ ಬರವಣಿಗೆ ಮುಂದುವರಿಸಿದರು. ಪಶ್ಚಿಮ ಘಟ್ಟದ ಬೆಟ್ಟ ಹತ್ತಿದ್ದು, ಗುಹೆ ಹೊಕ್ಕಿದ್ದು, ಸೈಕಲ್ ತುಳಿದು ಕಡಲಂಚು ಸುತ್ತಿದ್ದು, ಯಕ್ಷಗಾನ ನೋಡಿದ್ದು, ಎಲ್ಲವೂ ಅಲ್ಲಿದೆ. ಅವರ ತಂದೆ ಜಿ.ಟಿ. ನಾರಾಯಣ ರಾವ್ (1926–2008) ಗಣಿತದ ಅಧ್ಯಾಪಕರು, ಕನ್ನಡದ ದೊಡ್ಡ ವಿಜ್ಞಾನ ಲೇಖಕರು. ತಂದೆಯ ಬರಹಗಳನ್ನೂ ತಮ್ಮ ಪುಸ್ತಕಗಳನ್ನೂ ಅವರು ಅಲ್ಲಿ ಉಚಿತವಾಗಿ ಒದಗಿಸಿದ್ದಾರೆ. ಮೂವತ್ತೇಳು ವರ್ಷ ಪುಸ್ತಕ ಮಾರಿ ಬದುಕಿದವರು ಪುಸ್ತಕವನ್ನು ಪುಕ್ಕಟೆ ಹಂಚಿದರು!

ಒಂದು ದೂರನ್ನೂ ಹೇಳಿಬಿಡಬೇಕು. ಅವರ ಲೇಖನಗಳು ಉದ್ದ. ಸಂಪಾದಕರೆಂಬವರು ಇಲ್ಲದಲ್ಲಿ ತಡೆಯುವವರಿಲ್ಲ ನಿಜ, ಕತ್ತರಿಸುವವರೂ ಇಲ್ಲ. ದಕ್ಷಿಣ ಕನ್ನಡದ ಪದಗಳು ನಮ್ಮ ಕಡೆಯವರಿಗೆ ಮೊದಮೊದಲು ತೊಡಕೆನಿಸುತ್ತವೆ. ಆದರೆ ಬಯಲುಸೀಮೆಯ ನಮಗೆ, ಜೋಳದ ಹೊಲ ಬಿಟ್ಟು ಬೇರೆ ನೋಡದ ಮಕ್ಕಳಿಗೆ, ಮಳೆಕಾಡಿನೊಳಗೆ ಕರೆದೊಯ್ಯುವ ಇಂಥ ಬರಹ ಪಠ್ಯದಲ್ಲಿ ಸಿಗಲಾರದು. ಒಂದು ಲೇಖನವನ್ನು ಎರಡು ಮೂರು ದಿನ ಓದಿದರಾಯಿತು.

ಪ್ರೌಢಶಾಲೆಯ ಮಕ್ಕಳಿಗೆ ಟಿ.ಜಿ. ಶ್ರೀನಿಧಿಯವರ ‘ಇಜ್ಞಾನ’ ಒಳ್ಳೆಯದು. 2007ರಲ್ಲಿ ಆರಂಭವಾಯಿತು. ವಿಜ್ಞಾನ, ತಂತ್ರಜ್ಞಾನದ ಚಿಕ್ಕಚಿಕ್ಕ ಬರಹಗಳು, ಊಟಕ್ಕೆ ಮುಂಚೆ ಓದಿ ಮುಗಿಸುವಷ್ಟು. ಹತ್ತನೆಯ ಇಯತ್ತೆಯ ನಂತರ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಯಬೇಕಾದ ಕನ್ನಡ ಶಾಲೆಯ ಮಕ್ಕಳಿಗೆ, ವಿಷಯ ಮೊದಲು ತಾಯಿನುಡಿಯಲ್ಲಿ ತಲೆಗೆ ಹತ್ತಿದರೆ ಇಂಗ್ಲಿಷಿನ ಅರ್ಧ ಭಯ ಹೋಗುತ್ತದೆ.

ಇನ್ನೊಬ್ಬರು ಅಮೆರಿಕದ ವಾಷಿಂಗ್ಟನ್ ಬಳಿ ನೆಲೆಸಿದ ಶ್ರೀವತ್ಸ ಜೋಶಿ. 2002ರಲ್ಲಿ ‘ದಟ್ಸ್ ಕನ್ನಡ’ ಜಾಲತಾಣದಲ್ಲಿ ‘ವಿಚಿತ್ರಾನ್ನ’ ಅಂಕಣದಿಂದ ಹೆಸರಾದರು. ಪದಗಳ ಆಟ, ಊಟ, ಹಾಡು, ಹಾಸ್ಯ ಅವರ ಸಾಮಗ್ರಿ. ಪದದಾಟ ಕೆಲವೊಮ್ಮೆ ಅತಿಯಾಗುತ್ತದೆ ಎಂದು ನನಗನಿಸುತ್ತದೆ, ಆದರೆ ಮನೆಯಲ್ಲಿ ಗಟ್ಟಿಯಾಗಿ ಓದಿ ನಗಲು ಚೆಂದ. ಪತ್ರಿಕೆ, ಫಲಕಗಳ ಕನ್ನಡದಲ್ಲಿರುವ ಕಾಗುಣಿತದ ತಪ್ಪುಗಳನ್ನು ಎತ್ತಿ ತೋರಿಸುವ ‘ಸ್ವಚ್ಛ ಭಾಷೆ’ ಎಂಬ ಬರಹಗಳೂ ಅವರವು. ಅಲ್ಪಪ್ರಾಣ, ಮಹಾಪ್ರಾಣದಲ್ಲಿ ಎಡವುವ ನಮ್ಮ ಮಕ್ಕಳಿಗೆ ಇದು ಹಣ ಕೊಡದ ಟ್ಯೂಷನ್.

ಇವರಲ್ಲಿ ನಾನು ಮೆಚ್ಚುವುದೊಂದು: ಬರೆದದ್ದರ ಕೆಳಗೆ ಹೆಸರಿದೆ. ತಪ್ಪಾದರೆ ಕೇಳಲು ಆಳಿದ್ದಾರೆ. ಔಷಧ, ಧರ್ಮ, ಜಗಳದ ಸುದ್ದಿ ಎಂದು ಮೊಬೈಲಿಗೆ ಬಂದು ಬೀಳುವ ಬರಹಗಳಿಗೆ ಅಪ್ಪ ಅಮ್ಮ ಇಲ್ಲ. ಮಕ್ಕಳಿಗೆ ಓದಿಸುವ ಮೊದಲು ಈ ವ್ಯತ್ಯಾಸ ತಿಳಿಸಿಕೊಡಿ.

ಹುಡುಕುವುದು ಹೇಗೆಂದು ಕೇಳಿದವರಿಗೆ: ಮೊಬೈಲಿನ ಸೆಟ್ಟಿಂಗಿನಲ್ಲಿ ಕನ್ನಡ ಕೀಲಿಮಣೆ ಸೇರಿಸಿಕೊಳ್ಳಿ, ಮನೆಯ ಹುಡುಗರು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಮೇಲಿನ ಹೆಸರುಗಳನ್ನು ಕನ್ನಡದಲ್ಲಿಯೇ ಬರೆದು ಹುಡುಕಿ. ಹೊಲದ ಕಡೆ ಸಿಗ್ನಲ್ ಸಿಗದು. ಅಕ್ಕಲಕೋಟಕ್ಕೆ ಸಂತೆಗೋ ಕೆಲಸಕ್ಕೋ ಹೋದಾಗ ಅಶೋಕವರ್ಧನರ ಒಂದು ಪುಸ್ತಕ ಇಳಿಸಿಕೊಂಡು ಬಂದರೆ ತಿಂಗಳಿಗಾಗುತ್ತದೆ. ಅಕ್ಷರ ಸಣ್ಣದಾಯಿತೆಂದು ಗೊಣಗುವ ಅಜ್ಜ ಅಜ್ಜಿಯರಿಗೆ ಬೆರಳಿನಿಂದ ಹಿಗ್ಗಿಸಿಕೊಡಿ, ಇಲ್ಲವೇ ಮೊಮ್ಮಕ್ಕಳೇ ಓದಿ ಹೇಳಲಿ.