ಉಪ್ಪಿನ ಎರಡು ಮನೆತನಗಳು

ಹೋದ ಬೇಸಗೆಯಲ್ಲಿ ದೇವನಹಳ್ಳಿ ತಾಲ್ಲೂಕಿನ ಪರಿಚಿತರೊಬ್ಬರ ಮನೆಗೆ ಹೋಗಿದ್ದಾಗ ಮಕ್ಕಳ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಂಡೆನು. ಅವರ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಮಿತಿಮೀರಿತ್ತು. “ಇನ್ನು ಭಯವಿಲ್ಲ ಮೇಷ್ಟ್ರೇ, ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿಸಿದ್ದೇವೆ” ಎಂದರು ಯಜಮಾನರು. ಆ ಭರವಸೆ ಏಕೆ ಸಲ್ಲದೆಂಬುದನ್ನು ತಿಳಿಯಲು ಅಡುಗೆಮನೆಯ ಉಪ್ಪಿನ ಭರಣಿಯಿಂದಲೇ ಹೊರಡಬೇಕು.

ಉಪ್ಪೆಂಬುದು ಎರಡು ಮನೆತನಗಳ ಬೀಗತನದ ಫಲ. ಸೋಡಿಯಂ ಕ್ಷಾರಲೋಹಗಳ ವಂಶದ್ದು. ಕ್ಲೋರಿನ್ ಲವಣಜನಕಗಳ ವಂಶದ್ದು. ಮೊದಲನೆಯವುಗಳ ಪರಮಾಣುವಿನ ಹೊರಸುತ್ತಿನಲ್ಲಿ ಒಂದೇ ಎಲೆಕ್ಟ್ರಾನು. ಅದನ್ನು ಕೊಟ್ಟುಬಿಡುವುದೇ ಅವುಗಳ ಸ್ವಭಾವ. ಎರಡನೆಯವುಗಳಿಗೆ ಒಂದು ಎಲೆಕ್ಟ್ರಾನು ಕಡಮೆ. ಸೆಳೆದುಕೊಳ್ಳುವುದೇ ಅವುಗಳ ಸ್ವಭಾವ.

ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ ಎಂದು ಇಳಿದಂತೆಲ್ಲ ಪರಮಾಣು ಹಿಗ್ಗುವುದು. ಹೊರಗಿನ ಎಲೆಕ್ಟ್ರಾನು ನಡುವಣ ಬೀಜಕ್ಕೆ ದೂರವಾಗಿ ಹಿಡಿತವು ಸಡಿಲುವುದು. ಆದುದರಿಂದ ಇಲ್ಲಿ ಕಿರಿಯನೇ ಉಗ್ರನು. ನೀರಿಗೆ ಬಿದ್ದ ಲಿಥಿಯಂ ಗುಳ್ಳೆಯೆಬ್ಬಿಸಿದರೆ ಸೀಸಿಯಂ ಸಿಡಿಯುವುದು. ಲಿಥಿಯಂ ಕರಗಲು 180 ಡಿಗ್ರಿ ಶಾಖ ಬೇಕು, 28.5 ಡಿಗ್ರಿಗೆ ಕರಗುವ ಸೀಸಿಯಮ್ಮಿಗೆ ದೊಡ್ಡಬಳ್ಳಾಪುರದ ಚೈತ್ರಮಾಸದ ಮಧ್ಯಾಹ್ನವೇ ಸಾಕು.

ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗಳಲ್ಲಿಯೂ ಪರಮಾಣು ಹಿಗ್ಗುತ್ತಲೇ ಹೋಗುವುದು. ಆದರೆ ಸೆಳೆಯಬೇಕಾದವನಿಗೆ ದೂರವು ಅಡ್ಡಿಯಷ್ಟೆ! ಆದುದರಿಂದ ಇಲ್ಲಿ ಹಿರಿಯನಾದ ಫ್ಲೋರಿನ್ನೇ ಉಗ್ರನು. ಕರಗುವ ಕ್ರಮವೂ ತಲೆಕೆಳಗು: ಮೊದಲಿನೆರಡು ಅನಿಲ, ಬ್ರೋಮಿನ್ ದ್ರವ, 114 ಡಿಗ್ರಿಗೆ ಕರಗುವ ಅಯೋಡಿನ್ ಘನ. ಏಕೆ ಹೀಗೆಂದು ಹಿಂದೆ ಕೇಳಿದ ಹುಡುಗನೊಬ್ಬನಿಗೆ ನಾನು “ಬಾಯಿಪಾಠ ಮಾಡು” ಎಂದಿದ್ದೆನು, ಇಂದಿಗೂ ನಾಚಿಕೆಯಾಗುವುದು.

ಸಂಸ್ಕೃತ ಬಲ್ಲವರು ಕೇಳಿ ಸಂತೋಷಪಡುವ ಮಾತೊಂದುಂಟು. ರಷ್ಯಾದ ಮೆಂಡಲೀಫನು 1871ರಲ್ಲಿ, ಆವರೆಗೆ ಕಾಣದಿದ್ದ ಮೂಲವಸ್ತುಗಳಿಗೆ ನಮ್ಮ ‘ಏಕ’ ಶಬ್ದವನ್ನು ಸೇರಿಸಿ ಹೆಸರಿಟ್ಟನು. ಆ ಕ್ರಮದಲ್ಲಿ ‘ಏಕಸೀಸಿಯಂ’ ಎನಿಸಿದ್ದುದು 1939ರಲ್ಲಿ ದೊರೆತ ಫ್ರಾನ್ಸಿಯಂ. ‘ಏಕಅಯೋಡಿನ್’ 1940ರಲ್ಲಿ ದೊರೆತ ಆಸ್ಟಟೀನ್.

ಈಗ ತೊಟ್ಟಿಯ ಮಾತು. ಬ್ಲೀಚಿಂಗ್ ಪುಡಿಯ ಬಲವೆಲ್ಲ ಕ್ಲೋರಿನ್ನಿನದು. ಅದು ತನಗಿಂತ ಕೆಳಗಿನ ಬ್ರೋಮಿನ್, ಅಯೋಡಿನ್‌ಗಳನ್ನು ಅವುಗಳ ಲವಣದಿಂದ ಹೊರಡಿಸಬಲ್ಲುದು; ಮೇಲಿನ ಫ್ಲೋರಿನ್ನನ್ನು ಕದಲಿಸಲಾರದು. ಕ್ರಿಮಿಗಳು ಸಾಯುವುವು, ಫ್ಲೋರೈಡು ಇದ್ದಂತೆಯೇ ಇರುವುದು. ಕುದಿಸಿದರೆ ನೀರು ಇಂಗಿ ಅದರ ಪ್ರಮಾಣ ಇನ್ನೂ ಏರುವುದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದೆಡೆ 1.5, ಇದು ಸರ್ಕಾರದ ಮಾನಕದ ಮಿತಿ.

ಯಜಮಾನರು ಈಗ ಕುಡಿಯಲಿಕ್ಕೂ ಅಡುಗೆಗೂ ಮಳೆನೀರನ್ನು ಹಿಡಿಯುತ್ತಿದ್ದಾರೆ. ದೊಡ್ಡ ಮಕ್ಕಳ ಕಲೆ ಹೋಗುವಂಥದಲ್ಲ. ತೊಟ್ಟಿಲಿನ ಕೂಸಿಗೆ ಇನ್ನೂ ಹಲ್ಲು ಮೂಡಿಲ್ಲ.