ಸಿಕ್ಕ ಚುಕ್ಕಿ ಕೈತಪ್ಪದ ಹಾಗೆ

ಕ್ಷುದ್ರಗ್ರಹ ಹುಡುಕುವವರ ಕೆಲಸದಲ್ಲಿ ಹೊಸ ಚುಕ್ಕಿ ಕಣ್ಣಿಗೆ ಬೀಳುವುದು ಸಣ್ಣ ಭಾಗ. ಸಿಕ್ಕಿದ್ದು ಮತ್ತೆ ಕೈತಪ್ಪದಂತೆ ನೋಡಿಕೊಳ್ಳುವುದರಲ್ಲಿಯೇ ನಿಜವಾದ ಕಸುಬುಗಾರಿಕೆ ಇದೆ.

ಈ ಪಾಠ ಮೊದಲ ಕ್ಷುದ್ರಗ್ರಹದ ಜೊತೆಗೇ ಬಂತು. 1801ರ ಜನವರಿ 1ರಂದು ಇಟಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಟ್ಸಿ ನಕ್ಷತ್ರಪಟ್ಟಿ ತಯಾರಿಸುತ್ತಿದ್ದಾಗ ಒಂದು ಮಸುಕು ಚುಕ್ಕಿ ದಿನದಿನಕ್ಕೂ ಜಾಗ ಬದಲಿಸುವುದು ಕಂಡಿತು. ಅದೇ ಸೆರೆಸ್. ಫೆಬ್ರುವರಿ 11ರವರೆಗೆ ಅದನ್ನು ಅಳೆದರು. ಅಷ್ಟರಲ್ಲಿ ಕಾಯಿಲೆ ಬಿದ್ದರು. ಮುಂದೆ ಸೆರೆಸ್ ಸೂರ್ಯನ ಬೆಳಕಿನಲ್ಲಿ ಮರೆಯಾಯಿತು. ಮತ್ತೆ ಎಲ್ಲಿ ಹುಡುಕುವುದು? ಪಿಯಾಟ್ಸಿ ಬರೆದಿಟ್ಟ ಅಳತೆಗಳಷ್ಟನ್ನೇ ಹಿಡಿದು 24ರ ಹರೆಯದ ಗಣಿತಜ್ಞ ಗೌಸ್ ಅದರ ಹಾದಿಯನ್ನು ಲೆಕ್ಕ ಹಾಕಿಕೊಟ್ಟ. ಅವನು ಹೇಳಿದ ಜಾಗದ ಹತ್ತಿರವೇ, ಆ ವರ್ಷದ ಕೊನೆಯ ದಿನ, ಸೆರೆಸ್ ಮತ್ತೆ ಕಂಡಿತು.

ನಮ್ಮ ಕಡೆ ಈ ವಿದ್ಯೆ ಮದರಾಸಿನ ವೀಕ್ಷಣಾಲಯದಲ್ಲಿ ಬೇರುಬಿಟ್ಟಿತು. ಅಲ್ಲಿನ ನಾರ್ಮನ್ ಪೋಗ್ಸನ್ 1861ರಲ್ಲಿ ಕಂಡ ಕ್ಷುದ್ರಗ್ರಹಕ್ಕೆ ‘ಏಷಿಯಾ’ ಎಂದೇ ಹೆಸರು. ಛಾಯಾಚಿತ್ರದ ನೆರವಿಲ್ಲದ ಕಾಲ ಅದು. ನಕ್ಷತ್ರಗಳ ನಕ್ಷೆಯನ್ನೂ ಆಕಾಶವನ್ನೂ ಕಣ್ಣಿನಿಂದಲೇ ತಾಳೆ ನೋಡಬೇಕು, ನಕ್ಷೆಯಲ್ಲಿ ಇಲ್ಲದ್ದು ಆಕಾಶದಲ್ಲಿದ್ದರೆ ಅನುಮಾನಿಸಬೇಕು. ಪೋಗ್ಸನ್ನರ ಕೊನೆಯ ಕ್ಷುದ್ರಗ್ರಹ ಸಿಕ್ಕಿದ್ದು 1885ರಲ್ಲಿ.

ಅದೇ ಪರಂಪರೆ ಕೊಡೈಕೆನಾಲಿನ ಮೂಲಕ ಬೆಂಗಳೂರಿನ ಕೋರಮಂಗಲಕ್ಕೆ, ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಬಂತು. ಸಂಸ್ಥೆಯ ಆರ್. ರಾಜಮೋಹನ್ ‘ಕಲ್ಕಿ’ ಎಂಬ ಯೋಜನೆ ಕಟ್ಟಿ, ತಮಿಳುನಾಡಿನ ಜವಾದಿ ಬೆಟ್ಟಗಳಲ್ಲಿರುವ ಕಾವಲೂರಿನ ಷ್ಮಿಟ್ ದೂರದರ್ಶಕದಿಂದ ಹುಡುಕಾಟ ನಡೆಸಿದರು. 1988ರ ಫೆಬ್ರುವರಿ 17ರಂದು ಸಿಕ್ಕ ಚುಕ್ಕಿಗೆ ಮೊದಲು ದೊರೆತದ್ದು ‘1988 ಡಿಕ್ಯೂ1’ ಎಂಬ ತಾತ್ಕಾಲಿಕ ಗುರುತು. ಇಲ್ಲಿ ‘ಡಿ’ ಎಂದರೆ ಫೆಬ್ರುವರಿಯ ಎರಡನೆಯ ಪಕ್ಷ. ‘ಕ್ಯೂ1’ ಎಂದರೆ ಆ ಪಕ್ಷದಲ್ಲಿ ದಾಖಲಾದ 41ನೆಯ ಕಾಯ. ಹಾದಿ ಖಚಿತವಾದ ಮೇಲೆ 4130 ಎಂಬ ಕಾಯಂ ಸಂಖ್ಯೆ ಬಂತು. ಹೆಸರು ಗಣಿತಜ್ಞ ರಾಮಾನುಜನ್ ಅವರದು. ಪೋಗ್ಸನ್ನರ ನಂತರ ಭಾರತದ ನೆಲದಿಂದ ಸಿಕ್ಕ ಮೊದಲ ಕ್ಷುದ್ರಗ್ರಹ ಇದು.

ಹುಡುಕುವ ಬಗೆ ಹೇಳುವುದಕ್ಕೆ ಸುಲಭ. ಆಕಾಶದ ಒಂದೇ ತುಣುಕನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ನಾಲ್ಕು ಚಿತ್ರ ತೆಗೆಯುತ್ತಾರೆ. ಆ ಚಿತ್ರಗಳನ್ನು ಒಂದರ ಜಾಗದಲ್ಲಿ ಒಂದು ಬರುವಂತೆ ಮಿಣುಕಿಸಿದರೆ ನಕ್ಷತ್ರಗಳು ನಿಂತಲ್ಲೇ ನಿಲ್ಲುತ್ತವೆ, ಕ್ಷುದ್ರಗ್ರಹ ಮಾತ್ರ ಪಕ್ಕಕ್ಕೆ ಜಿಗಿಯುತ್ತದೆ. ಸೂರ್ಯನ ಎದುರು ದಿಕ್ಕಿನಲ್ಲಿ ಇರುವಾಗ ಅದು ದಿನಕ್ಕೆ ಸುಮಾರು ಅರ್ಧ ಚಂದ್ರನ ಅಗಲದಷ್ಟು ಸರಿಯುತ್ತದೆ, ಅದೂ ಹಿಮ್ಮುಖವಾಗಿ: ನಮ್ಮ ಬಸ್ಸು ಮುಂದೆ ಹಾಕಿದ ಲಾರಿ ಹಿಂದಕ್ಕೆ ಹೋದಂತೆ ಕಾಣುತ್ತದಲ್ಲ, ಹಾಗೆ. ಆದರೆ ಜಿಗಿದದ್ದೆಲ್ಲ ಕ್ಷುದ್ರಗ್ರಹವಲ್ಲ. ಹಿಂದೆ ಗಾಜಿನ ಫಲಕದ ಮೇಲಿನ ಧೂಳು ಮೋಸ ಮಾಡುತ್ತಿತ್ತು. ಈಗ ಕ್ಯಾಮೆರಾದ ಕೆಟ್ಟ ಪಿಕ್ಸೆಲ್ಲು, ವಿಶ್ವಕಿರಣದ ಗುರುತು ಮೋಸ ಮಾಡುತ್ತವೆ. ನಾಲ್ಕು ಚಿತ್ರಗಳಲ್ಲೂ ನೇರ ಗೆರೆಯಲ್ಲಿ, ಒಂದೇ ವೇಗದಲ್ಲಿ, ಹೆಚ್ಚುಕಡಿಮೆ ಒಂದೇ ಹೊಳಪಿನಲ್ಲಿ ಸರಿದದ್ದನ್ನು ಮಾತ್ರ ನುರಿತವರು ನಂಬುತ್ತಾರೆ. ಬಳಿಕ ಸುತ್ತಲಿನ ನಕ್ಷತ್ರಗಳ ಆಧಾರದಿಂದ ಅದರ ಜಾಗ ಅಳೆದು, ಸಮಯದ ಸಮೇತ ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರಿಗೆ ಕಳುಹಿಸಬೇಕು.

ಕತಾರಿನ ರಾಸ್ ಲಫಾನಿನಲ್ಲಿ ದುಡಿಯುವ ಕನ್ನಡಿಗರು ಅಲ್ಲಿಂದ ಇಂಥ ಚಿತ್ರ ತೆಗೆಯುವ ಆಸೆ ಇಟ್ಟುಕೊಳ್ಳುವಂತಿಲ್ಲ. ಅನಿಲ ಸ್ಥಾವರಗಳ ದೀಪಗಳು, ಫ್ಲೇರಿನ ಜ್ವಾಲೆ, ಗಾಳಿಯ ಧೂಳು ಎಲ್ಲ ಸೇರಿ ಅಲ್ಲಿನ ರಾತ್ರಿ ಬೆಳ್ಳಗಿರುತ್ತದೆ. ಹುಡುಕಬೇಕಾದ ಚುಕ್ಕಿಗಳೋ ಬರಿಗಣ್ಣಿನ ಕಡೆಯ ನಕ್ಷತ್ರಕ್ಕಿಂತ ಲಕ್ಷಗಟ್ಟಲೆ ಪಟ್ಟು ಮಸುಕು. ಆದರೆ ದೂರದರ್ಶಕ ಒಂದು ಕಡೆ, ನೋಡುವವರು ಇನ್ನೊಂದು ಕಡೆ ಇರುವುದು ಕತಾರಿಗೆ ಹೊಸತೇನಲ್ಲ. 2010ರಲ್ಲಿ ಪ್ರಕಟವಾದ ‘ಕತಾರ್-1ಬಿ’ ಎಂಬ ಪರಗ್ರಹವನ್ನು ಖಾಲಿದ್ ಅಲ್ ಸುಬಾಯ್ ಅವರ ತಂಡ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಇಟ್ಟ ಕ್ಯಾಮೆರಾಗಳಿಂದಲೇ ಹಿಡಿದದ್ದು.

ಕ್ಷುದ್ರಗ್ರಹಕ್ಕೂ ಅಂಥ ದಾರಿಯಿದೆ. ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನು ಅಂತರರಾಷ್ಟ್ರೀಯ ಖಗೋಳ ಶೋಧ ಸಹಯೋಗ ಎಂಬ ಕಾರ್ಯಕ್ರಮ ಹವ್ಯಾಸಿಗಳ ತಂಡಗಳಿಗೆ ಉಚಿತವಾಗಿ ಕೊಡುತ್ತದೆ. ಅಳೆಯುವುದಕ್ಕೆ ‘ಆಸ್ಟ್ರೋಮೆಟ್ರಿಕಾ’ ಎಂಬ ತಂತ್ರಾಂಶ. ಬೇಕಾದದ್ದು ಒಂದು ಲ್ಯಾಪ್‌ಟಾಪು, ಬೇಸರಪಡದ ಕಣ್ಣು. ಶಿಫ್ಟ್ ಮುಗಿಸಿ ಬಂದ ಕನ್ನಡದ ಗೆಳೆಯರು ನಾಲ್ವರು ಕೂತರೂ ಒಂದು ತಂಡವಾಗುತ್ತದೆ. ಸರಿಯುವ ಚುಕ್ಕಿಗಳಲ್ಲಿ ಬಹುಪಾಲು ಮೊದಲೇ ಯಾರೋ ಕಂಡವಾಗಿರುತ್ತವೆ; ಅದಕ್ಕೆ ನಿರಾಸೆ ಬೇಡ. ಹಳೆಯ ಚುಕ್ಕಿಯ ಪ್ರತಿ ಹೊಸ ಅಳತೆಯೂ ಅದರ ಹಾದಿಯನ್ನು ಇನ್ನಷ್ಟು ಖಚಿತಗೊಳಿಸುತ್ತದೆ. ಹೊಸದು ಸಿಕ್ಕರೂ ಕಾಯಂ ಸಂಖ್ಯೆಗೆ ವರ್ಷಗಟ್ಟಲೆ ಕಾಯಬೇಕು, ಹೆಸರಿನ ಮಾತು ಆಮೇಲಿನದು. ಅಷ್ಟರವರೆಗೆ ಅದು ತಪ್ಪಿಹೋಗದಂತೆ ಕಾಯುವವರು, ಬೇರೆ ಬೇರೆ ದೇಶಗಳಲ್ಲಿ ಕೂತು ಅದನ್ನು ಮತ್ತೆ ಮತ್ತೆ ಅಳೆಯುವ ಹೆಸರಿಲ್ಲದ ಅನೇಕರು.