ವಾಡಿಯ ಕವಲು, ಮಿದುಳಿನ ಕವಲು

ಕಲಬುರ್ಗಿಯಿಂದ ದಕ್ಷಿಣಕ್ಕೆ ಹೊರಟ ರೈಲುಗಾಡಿಯು ಶಹಾಬಾದನ್ನು ದಾಟಿ ವಾಡಿ ಜಂಕ್ಷನ್ನಿಗೆ ಬರುತ್ತದೆ. ಅಲ್ಲಿ ಹಳಿಯು ಕವಲೊಡೆಯುತ್ತದೆ. ಮುಖ್ಯಮಾರ್ಗವು ರಾಯಚೂರಿನತ್ತ ಸಾಗಿದರೆ, ಇನ್ನೊಂದು ಚಿತ್ತಾಪುರ, ಸೇಡಂಗಳನ್ನು ಹಾದು ಸಿಕಂದರಾಬಾದನ್ನು ಸೇರುತ್ತದೆ. ಈ ನಕಾಶೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಚಿಂಚೋಳಿಯ ರೈತನು ಉಣ್ಣುವ ಜೋಳದ ರೊಟ್ಟಿಯಲ್ಲಿಯೂ ತೊಗರಿಬೇಳೆಯಲ್ಲಿಯೂ ಟ್ರಿಪ್ಟೊಫೇನ್ ಎಂಬ ಅಮೈನೋ ಆಮ್ಲವು ಅಲ್ಪ ಪ್ರಮಾಣದಲ್ಲಿದೆ. ದೇಹದಲ್ಲಿ ಅದರ ದಾರಿಯೂ ಕವಲೊಡೆಯುತ್ತದೆ. ಅದರ ಹೆಚ್ಚಿನ ಪಾಲು ನಿಯಾಸಿನ್ ಜೀವಸತ್ವದ ಕಡೆಗೆ ಹೋಗುವ ಮುಖ್ಯಮಾರ್ಗವನ್ನು ಹಿಡಿಯುತ್ತದೆ. ಕಿರಿದೊಂದು ಪಾಲು ಮಾತ್ರ ಮೊದಲು 5-ಹೈಡ್ರಾಕ್ಸಿಟ್ರಿಪ್ಟೊಫೇನ್ ಆಗಿ, ಬಳಿಕ ಸೆರೊಟೋನಿನ್ ಆಗುತ್ತದೆ. ಮೊದಲನೆಯದನ್ನು ಚಿತ್ತಾಪುರವೆಂದೂ ಎರಡನೆಯದನ್ನು ಸೇಡಂ ಎಂದೂ ಭಾವಿಸೋಣ. ಸೆರೊಟೋನಿನ್ನಿನ ಬಹುಭಾಗವಿರುವುದು ಕರುಳಿನಲ್ಲಿ. ಆದರೆ ಮಿದುಳಿನ ನರಕೋಶಗಳ ನಡುವೆ ಸಂದೇಶವನ್ನೊಯ್ಯುವ ದೂತನೂ ಅದೇ.

1966ರಲ್ಲಿ ಅಮೆರಿಕದ ಫೈಜರ್ ಸಂಸ್ಥೆಯ ಕೆನೆತ್ ಕೋ ಮತ್ತು ಆಲ್ಬರ್ಟ್ ವೈಸ್‌ಮನ್ ಎಂಬ ವಿಜ್ಞಾನಿಗಳು ಪ್ಯಾರಾ-ಕ್ಲೋರೋಫಿನೈಲ್‌ಅಲನೀನ್ ಎಂಬ ವಸ್ತುವಿನ ವಿಚಿತ್ರ ಗುಣವನ್ನು ಪ್ರಕಟಿಸಿದರು. ಫಿನೈಲ್‌ಅಲನೀನ್ ಎಂಬ ಸಾಮಾನ್ಯ ಅಮೈನೋ ಆಮ್ಲದ ಒಂದು ಹೈಡ್ರೋಜನ್ ಪರಮಾಣುವಿನ ಸ್ಥಾನದಲ್ಲಿ ಕ್ಲೋರಿನ್ ಪರಮಾಣುವನ್ನಿರಿಸಿದರೆ ಈ ವಸ್ತು ದೊರೆಯುತ್ತದೆ. ಫೆನ್‌ಕ್ಲೊನಿನ್ ಎಂಬ ಹೆಸರೂ ಇದಕ್ಕುಂಟು. ಟ್ರಿಪ್ಟೊಫೇನನ್ನು ಮುಂದಕ್ಕೆ ಕಳುಹಿಸುವ ಹೈಡ್ರಾಕ್ಸಿಲೇಸ್ ಕಿಣ್ವವನ್ನು ಇದು ಕೆಡಿಸುತ್ತದೆ. ವಾಡಿಗೂ ಚಿತ್ತಾಪುರಕ್ಕೂ ನಡುವೆ ಹಳಿಯನ್ನು ಕಿತ್ತಂತೆ. ಇದನ್ನು ಕೊಟ್ಟ ಇಲಿಗಳ ಮಿದುಳಿನಲ್ಲಿ ಸೆರೊಟೋನಿನ್ ಬಹುಮಟ್ಟಿಗೆ ಬರಿದಾಗಿ, ಅನೇಕ ದಿನಗಳವರೆಗೆ ಕಡಿಮೆಯಾಗಿಯೇ ಉಳಿಯಿತು.

ಸೇಡಂಗೆ ಗಾಡಿ ಬಾರದಿದ್ದರೆ ಅಲ್ಲಿ ಯಾವ ಕೆಲಸ ನಿಲ್ಲುತ್ತದೆ? ಫ್ರಾನ್ಸಿನ ಲಿಯೋನ್ ನಗರದಲ್ಲಿ ಮಿಷೆಲ್ ಜೂವೆಯವರ ಪ್ರಯೋಗಶಾಲೆಯು ಬೆಕ್ಕುಗಳಿಗೆ ಈ ವಸ್ತುವನ್ನು ಕೊಟ್ಟು ಪರೀಕ್ಷಿಸಿತು. ಅವುಗಳಿಗೆ ನಿದ್ರೆಯೇ ಹತ್ತಲಿಲ್ಲ. ಬಳಿಕ 5-ಹೈಡ್ರಾಕ್ಸಿಟ್ರಿಪ್ಟೊಫೇನನ್ನು ಚುಚ್ಚಿದಾಗ, ಎಂದರೆ ಪ್ರಯಾಣಿಕರನ್ನು ನೇರವಾಗಿ ಚಿತ್ತಾಪುರದಲ್ಲಿಯೇ ಹತ್ತಿಸಿದಾಗ, ಕೆಲವು ಗಂಟೆಗಳ ಕಾಲ ನಿದ್ರೆ ಮರಳಿತು! ಇಂತಹ ಅಚ್ಚುಕಟ್ಟಾದ ಸಾಕ್ಷ್ಯವು ಅಪರೂಪ. ಸೆರೊಟೋನಿನ್ ನಿದ್ರೆಯ ರಸವೇ ಸರಿ ಎಂದು ಹಲವರು ನಂಬಿದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅಮೆರಿಕದ ವಿಲಿಯಂ ಡಿಮೆಂಟ್ ಮತ್ತು ಸಂಗಡಿಗರು ದಿನವೂ ತಪ್ಪದೆ ಅದೇ ವಸ್ತುವನ್ನು ಬೆಕ್ಕುಗಳಿಗೆ ಕೊಡುತ್ತ ಕಾದರು. ಒಂದು ವಾರ ಕಳೆಯುವುದರೊಳಗಾಗಿ ಅವು ಮತ್ತೆ ಬಹುಪಾಲು ನಿದ್ರಿಸತೊಡಗಿದವು. ಮಿದುಳಿನ ಸೆರೊಟೋನಿನ್ ಮಾತ್ರ ತಳಮಟ್ಟದಲ್ಲಿಯೇ ಇತ್ತು. ಹಳಿ ಇನ್ನೂ ಕಿತ್ತುಹೋಗಿಯೇ ಇದೆ, ಸೇಡಂ ಪೇಟೆ ಎಂದಿನಂತೆ ನಡೆಯುತ್ತಿದೆ! ಸಾಲದೆಂಬಂತೆ, ಈ ವಸ್ತುವು ಫಿನೈಲ್‌ಅಲನೀನನ್ನು ಮಾರ್ಪಡಿಸುವ ಕಿಣ್ವಕ್ಕೂ ಅಡ್ಡಿಮಾಡುತ್ತದೆ. ಇಂದಿಗೂ ಪ್ರಯೋಗಶಾಲೆಗಳಲ್ಲಿ ಇದನ್ನು ಬಳಸುವವರು, ಕಂಡ ಪರಿಣಾಮವು ಯಾವ ಹಳಿಯನ್ನು ಕಿತ್ತುದರಿಂದ ಬಂದಿತೆಂದು ಮೊದಲು ವಿಚಾರಿಸಬೇಕಾಗುತ್ತದೆ.